ಕಮಲಾಪುರದ ಕೆಂಪು ಬಾಳೆಗೆ ಸೈಕಲ್ ಮೇಲೆ ಹೊರಟವರಿಗೆ

ಫ್ರಾನ್ಸ್, ಇಟಲಿ ಕಡೆ ದ್ರಾಕ್ಷಿ ತೋಟಗಳ ನಡುವೆ ಸೈಕಲ್ ತುಳಿಯುತ್ತ, ಊರೂರಿಗೆ ಇಳಿದು ವೈನ್ ರುಚಿ ನೋಡುವ ರಜೆಯ ಫೋಟೋಗಳನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ಬಾಯಿ ಬಿಡುತ್ತಾರೆ. ವೈನಿನ ದ್ರಾಕ್ಷಿಯೇ ಬೇಕೆಂದರೆ ವಿಜಯಪುರ ಸೀಮೆ ಇದೆ, ನಂದಿ ಬೆಟ್ಟದ ತಪ್ಪಲಿದೆ. ಆದರೆ ಕಲಬುರಗಿಯಲ್ಲಿ ಕೂತವರಿಗೆ ಅಷ್ಟು ದೂರ ಯಾಕೆ ಬೇಕು? ಹುಮನಾಬಾದ್ ರಸ್ತೆ ಹಿಡಿದರೆ 35 ಕಿಲೋಮೀಟರ್ ಆಸುಪಾಸಿನಲ್ಲಿ ಕಮಲಾಪುರ. ಆ ಊರು ಮತ್ತು ಸುತ್ತಲಿನ ನಾಲ್ಕಾರು ಹಳ್ಳಿಗಳ ನೆಲದಲ್ಲಿ ಬೆಳೆಯುವ ಕೆಂಪು ಬಾಳೆಗೆ ಊರಿನ ಹೆಸರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಶಾಂಪೇನ್ ಎಂಬ ಹೆಸರಿಗೆ ಯಾವ ಕಾನೂನಿನ ಬೇಲಿ ಇದೆಯೋ ನಮ್ಮ ಬಾಳೆಗೂ ಅದೇ ಜಾತಿಯ ಬೇಲಿ. ಒಂದು ಹಗಲು ಹೋಗುವುದಕ್ಕೆ, ಒಂದು ರಾತ್ರಿ ಅಲ್ಲಿ, ಮರುದಿನ ಬರುವುದಕ್ಕೆ. ಇಷ್ಟು ಬಿಡುವು ಇದ್ದವರು ಮಾತ್ರ ಮುಂದೆ ಓದಿ. ಮಧ್ಯಾಹ್ನದೊಳಗೆ ಹೋಗಿ ಬಂದು ಸಂಜೆ ಸ್ಟೇಟಸ್ ಹಾಕುವವರಿಗೆ ನನ್ನ ಮಾತು ಉಪಯೋಗವಿಲ್ಲ.

• ದೀಪಾವಳಿ ಕಳೆದ ಮೇಲೆ ಹೊರಡಿ, ಶಿವರಾತ್ರಿಯೊಳಗೆ ಮುಗಿಸಿ. ಆಮೇಲಿನ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಮಳೆಗಾಲದಲ್ಲಿ ಕಣ್ಣಿಗೆ ಹಸಿರು ಚೆಂದ. ಆದರೆ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಿರೋ, ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುವುದಿಲ್ಲ. ಅಲ್ಲಿಂದ ಮುಂದೆ ಸೈಕಲ್ ನಿಮ್ಮನ್ನು ಹೊರುವುದಿಲ್ಲ, ನೀವೇ ಅದನ್ನು ಹೊರಬೇಕು.

• ಅದರಲ್ಲೂ ಎಳ್ಳಮಾವಾಸ್ಯೆಯ ಆಜುಬಾಜು ಸಿಕ್ಕರೆ ಬಿಡಬೇಡಿ. ತೊಗರಿ ಕಾಯಿ ಕಟ್ಟಿ ಒಣಗುತ್ತಿರುತ್ತದೆ, ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಗಿಡದ ಮೇಲೆ ಬೆಳಗಿನ ಹುಳಿ ಇಬ್ಬನಿ ಕೂತಿರುತ್ತದೆ. ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿ. ಎತ್ತಿನ ಗಾಡಿ ಕಡಿಮೆಯಾಗಿ ಟ್ರ್ಯಾಕ್ಟರು, ಆಟೋ ಹೆಚ್ಚಾಗಿವೆ. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು ಮಾತ್ರ ನಿಂತಿಲ್ಲ. ಸಜ್ಜೆ ರೊಟ್ಟಿ, ಹತ್ತಾರು ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ರಸ್ತೆಯಲ್ಲಿ ಹೋಗುವವರನ್ನು ಹೊಲದಿಂದಲೇ ಕೂಗಿ ‘ಬರ್ರೀ, ಊಟ ಮಾಡ್ಕೊಂಡ್ ಹೋಗ್ರೀ’ ಎನ್ನುತ್ತಾರೆ. ಅದು ಬಾಯಿಮಾತಿನ ಉಪಚಾರ ಅಲ್ಲ. ಸೈಕಲ್ ಬದುವಿಗೆ ಒರಗಿಸಿ, ಕಾಲು ತೊಳೆದು ಕೂತುಬಿಡಿ. ಸೈಕಲ್ ರಜೆಯಲ್ಲಿ ಇಷ್ಟು ಹೊಟ್ಟೆ ತುಂಬಾ ಉಂಡರೆ ತುಳಿಯುವುದು ಹೇಗೆ ಎಂದು ಕೇಳಬೇಡಿ. ಬೇವಿನ ನೆರಳಿನಲ್ಲಿ ಒಂದು ತಾಸು ಮಲಗಿ ಎದ್ದು ತುಳಿಯುವುದು.

• ಜನವರಿಯಲ್ಲಿ ಹೋದರೆ ಸೀತನಿ ಕೇಳಿ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ ಉದುರಿಸಿ, ಶೇಂಗಾ ಹಿಂಡಿ ಜೊತೆ ಕೊಡುತ್ತಾರೆ. ಕಾಳು ಬಲಿತ ಮೇಲೆ ಈ ರುಚಿ ಸಿಗುವುದಿಲ್ಲ. ಅದರ ಆಯುಷ್ಯ ಕೆಲವೇ ವಾರ.

• ಗಾಳಿಯ ಲೆಕ್ಕ ಮೊದಲೇ ತಿಳಿದಿರಲಿ. ಕಲಬುರಗಿಯಿಂದ ಕಮಲಾಪುರ ಈಶಾನ್ಯಕ್ಕಿದೆ. ಚಳಿಗಾಲದ ಗಾಳಿಯೂ ಹೆಚ್ಚಾಗಿ ಪೂರ್ವ, ಈಶಾನ್ಯದಿಂದಲೇ ಬೀಸುತ್ತದೆ. ಹಾಗಾಗಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಬಿಸಿಲಿನ ಲೆಕ್ಕ ಬೇರೆ: ಬೆಳಿಗ್ಗೆ ಹೋಗುವಾಗ ಸೂರ್ಯ ಬಲಗೆನ್ನೆಗೆ, ಸಂಜೆ ಬರುವಾಗ ಮುಖಕ್ಕೆ. ಹೆಲ್ಮೆಟ್ಟಿಗೆ ಮುಂಚಾಚು ಇರಲಿ, ಇಲ್ಲವೇ ಒಳಗೊಂದು ಟೋಪಿ ಹಾಕಿ. ಎದುರಿನ ಗಾಳಿಯೊಂದಿಗೆ ಜಗಳಕ್ಕೆ ನಿಲ್ಲದೆ ಒಂದು ಗೇರ್ ಇಳಿಸಿ, ಕಾಲು ಹಗುರವಾಗಿ ತಿರುಗಲಿ. ತಾಸಿಗೆ 12 ಕಿಲೋಮೀಟರ್ ಆದರೂ ಚಹಾ, ಮಾತು ಎಲ್ಲ ಸೇರಿ ನಾಲ್ಕು ತಾಸಿನಲ್ಲಿ ಮುಟ್ಟುತ್ತೀರಿ.

• ಸೈಕಲ್ ದುಬಾರಿಯದ್ದೇ ಆಗಬೇಕಿಲ್ಲ, ಆದರೆ ಹಳ್ಳಿಯ ಅಂಗಡಿಯಲ್ಲಿ ರಿಪೇರಿಯಾಗುವಂಥದ್ದು ಇರಲಿ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿದ ಮೇಲೆ ಹಳ್ಳಿಯ ಪಂಚರ್ ಅಂಗಡಿಗಳಲ್ಲಿ ಸಾದಾ ಸೈಕಲ್ಲಿನ ಟ್ಯೂಬು, ಬ್ರೇಕ್ ಕಟ್ಟೆ, ಚೈನ್ ಕೊಂಡಿ ಸಿಗುವುದು ರೂಢಿಯಾಗಿದೆ. ನಿಮ್ಮ ತೆಳು ಟೈರಿನ ರೇಸಿಂಗ್ ಸೈಕಲ್ಲಿಗೆ ಮಾತ್ರ ಅಲ್ಲಿ ಏನೂ ಸಿಗುವುದಿಲ್ಲ. ಅದರ ಉದ್ದನೆಯ ಪ್ರೆಸ್ಟಾ ವಾಲ್ವಿಗೆ ಅಂಗಡಿಯ ಪಂಪು ಕೂರುವುದೇ ಇಲ್ಲ. ಹತ್ತಾರು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಂಡರೆ ಆ ತಾಪತ್ರಯ ಮುಗಿಯಿತು.

• ಜಾಲಿ ಮುಳ್ಳಿಗೆ ಹೆದರಿ. ರಸ್ತೆಯ ಅಂಚಿನಲ್ಲಿ ಬಳ್ಳಾರಿ ಜಾಲಿ ಕಡಿದು ಹಾಕಿರುತ್ತಾರೆ; ಒಣಗಿದ ಮುಳ್ಳು ಟೈರು ದಾಟಿ ಟ್ಯೂಬಿಗೆ ಹೋಗುತ್ತದೆ. ಪಂಚರ್ ಆದಾಗ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಸವರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿನ ತುದಿ ಮುರಿದು ಕೂತಿದೆ ಎಂದು ಅರ್ಥ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಒಂದು ಫರ್ಲಾಂಗಿನಲ್ಲಿ ಮತ್ತೆ ಪಂಚರ್.

• ಕಲಬುರಗಿ ನೋಡುವುದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಪರವೂರಿನವರು ಒಂದು ದಿನ ಮೊದಲೇ ಬಂದು, ಅದೇ ಸೈಕಲ್ ಮೇಲೆ ಊರು ಸುತ್ತಲಿ. ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ಉಳಿದ ಮಸೀದಿಗಳಂತೆ ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಮಾಡು ಕಟ್ಟಿದ್ದಾರೆ. ಕಮಾನಿನಿಂದ ಕಮಾನಿಗೆ ಬೆಳಕು ತೆಳುವಾಗುತ್ತ ಹೋಗುವುದನ್ನು ನಿಂತು ನೋಡಬೇಕು. ಅಲ್ಲಿಂದ ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಹಫ್ತ್ ಗುಂಬಜ್. ಎಲ್ಲವೂ ಸೈಕಲ್ಲಿಗೆ ಎಟುಕುವ ದೂರದಲ್ಲಿವೆ. ಸಂಜೆ ಅಪ್ಪನ ಕೆರೆಯ ದಂಡೆಯಲ್ಲಿ ಮಿರ್ಚಿ ಭಜಿ. ರಾತ್ರಿ ಬೇಗ ಮಲಗಿ.

• ಬೆಳಿಗ್ಗೆ ಬೆಳಕು ಹರಿಯುತ್ತಲೇ ಹುಮನಾಬಾದ್ ಬೇಸ್ ದಾಟಿರಬೇಕು. ಏಳೂವರೆಗೆ ಹೊರಟರೆ ಶಾಲೆ ಬಸ್ಸು, ಆಟೋ, ರಿಂಗ್ ರಸ್ತೆಯ ಲಾರಿ, ಎಲ್ಲವನ್ನೂ ಎದುರಿಸಿ ಊರು ಬಿಡುವುದರಲ್ಲೇ ಹುರುಪು ಅರ್ಧ ಇಳಿದಿರುತ್ತದೆ.

• ಹೆದ್ದಾರಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಇದು ವಿಜಯಪುರದಿಂದ ಬೀದರ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50. ದ್ರಾಕ್ಷಿ ತೋಟದ ಕಿರುದಾರಿಯ ಕನಸು ಇಟ್ಟುಕೊಂಡವರಿಗೆ ಇಲ್ಲಿ ಲಾರಿಯ ಹೊಗೆ ಸಿಗುತ್ತದೆ. ಬಿಳಿ ಗೆರೆಯ ಎಡಕ್ಕೇ ಇರಿ, ಒಬ್ಬರ ಹಿಂದೆ ಒಬ್ಬರು ಹೋಗಿ, ಹಗಲಲ್ಲೂ ಹಿಂಬದಿಯ ಕೆಂಪು ದೀಪ ಮಿನುಗುತ್ತಿರಲಿ. ಬಲಗೈ ಹಿಡಿಕೆಗೆ ಪುಟ್ಟ ಕನ್ನಡಿ ಕಟ್ಟಿಸಿಕೊಳ್ಳಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಚಳಿಗಾಲ ಎಂದರೆ ಕಬ್ಬಿನ ಹಂಗಾಮು ಕೂಡ: ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಡ್ರೈವರ್ ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿರುತ್ತಾನೆ, ನಿಮ್ಮ ಗಂಟೆ ಅವನಿಗೆ ಕೇಳಿಸುವುದಿಲ್ಲ. ಟ್ರಾಲಿಯ ಎರಡೂ ಬದಿಗೆ ಕಬ್ಬು ಹೊರಚಾಚಿರುತ್ತದೆ. ಅದನ್ನು ಹಿಂದೆ ಹಾಕುವ ಹುಮ್ಮಸ್ಸು ಬಂದರೆ ಸೈಕಲ್ ನಿಲ್ಲಿಸಿ ಎರಡು ಗುಟುಕು ನೀರು ಕುಡಿಯಿರಿ. ಅಷ್ಟರಲ್ಲಿ ಅದು ಹೋಗಿರುತ್ತದೆ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಸೈಕಲ್ ಕೂಡದು.

• ಮಹಾಗಾಂವ ಕ್ರಾಸಿನಲ್ಲಿ ಇಳಿಯಲೇಬೇಕು. ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿರುತ್ತದೆ, ಹೊಟ್ಟೆಯೂ ಕೇಳುತ್ತಿರುತ್ತದೆ. ಸುಸಲಾ, ಭಜಿ, ಖಡಕ್ ಚಹಾ. ಇಲ್ಲಿ ಕೂತ ಹಿರಿಯರ ಹತ್ತಿರ ‘ಈ ವರ್ಷ ಯಾರ ತೋಟದಾಗ ಕೆಂಪು ಬಾಳಿ ಛಲೋ ಬಂದದ’ ಎಂದು ಕೇಳಿ. ಮೊಬೈಲ್ ನಕ್ಷೆಯಲ್ಲಿ ಇಲ್ಲದ ವಿಳಾಸ, ಕುಲಗೋತ್ರ, ತೋಟದವರ ಸ್ವಭಾವ ಎಲ್ಲ ಒಂದೇ ಕಪ್ ಚಹಾದಲ್ಲಿ ಬರುತ್ತದೆ.

• ಕುರಿಕೋಟಾ ಸೇತುವೆಯ ಕೆಳಗೆ ಬೆಣ್ಣೆತೊರೆಯ ನೀರು ಕಂಡಾಗ ಎಲ್ಲರಿಗೂ ಫೋಟೋ ತೆಗೆಯುವ ಆಸೆ. ಸೇತುವೆ ಮೇಲೆ ನಿಲ್ಲಬೇಡಿ, ದಾಟಿ ಪಕ್ಕಕ್ಕೆ ಸರಿದು ನಿಲ್ಲಿ. ಅಲ್ಲಿಂದ ಮುಂದೆ ನೆಲದ ಬಣ್ಣ ನೋಡುತ್ತ ಹೋಗಿ: ಕಲಬುರಗಿಯ ಕಪ್ಪು ಎರೆ ಹಿಂದೆ ಸರಿದು ಅಲ್ಲಲ್ಲಿ ಕೆಂಪು ಮಣ್ಣು ಇಣುಕುತ್ತದೆ, ಗುಡ್ಡಗಳು ಹತ್ತಿರ ಬರುತ್ತವೆ. ನೀರು ನಿಲ್ಲದೆ ಬಸಿದು ಹೋಗುವ ಇಂಥ ಮಣ್ಣೇ ಬಾಳೆಯ ಬೇರಿಗೆ ಬೇಕಾದದ್ದು.

• ಕಾಲಿಗೆ ಇನ್ನೂ ಕಸುವು ಇದ್ದರೆ ಕೇಳಿಕೊಂಡು ಹೊಳಕುಂದಾಕ್ಕೆ ತಿರುಗಿ. ಬಹಮನಿ ಕಾಲದ ಗುಂಬಜುಗಳ ಗುಂಪು ಅಲ್ಲಿದೆ. ಕಲಬುರಗಿಯ ಹಫ್ತ್ ಗುಂಬಜಿಗಿಂತ ಇದೇ ನನಗೆ ಹೆಚ್ಚು ಇಷ್ಟ. ಸುತ್ತ ಮನೆಗಳ ಇಕ್ಕಟ್ಟಿಲ್ಲ. 1347ರಿಂದ ಮುಕ್ಕಾಲು ಶತಮಾನ ಕಲಬುರಗಿ ರಾಜಧಾನಿಯಾಗಿದ್ದು, ಆಮೇಲೆ ಪಟ್ಟ ಬೀದರಿಗೆ ಹೋಯಿತು. ನೀವು ತುಳಿಯುತ್ತಿರುವುದು ಹೆಚ್ಚುಕಡಿಮೆ ಆ ಎರಡು ರಾಜಧಾನಿಗಳ ನಡುವಿನ ದಾರಿ.

• ಹೆಣ್ಣುಮಕ್ಕಳು ಇದ್ದ ಗುಂಪಿಗೆ ಒಂದು ಮಾತು. ಶೌಚಾಲಯಕ್ಕೆ ಪೆಟ್ರೋಲ್ ಬಂಕ್ ಕಂಡಲ್ಲಿ ಇಳಿದುಬಿಡಿ, ಮುಂದಿನದು ಎಷ್ಟು ದೂರವೋ ಹೇಳಲಾಗದು. ಇನ್ನೂ ಒಳ್ಳೆಯದು, ಯಾವುದಾದರೂ ಮನೆಯ ಅಂಗಳದಲ್ಲಿ ಹೆಣ್ಣುಮಗಳು ಕಂಡರೆ ನೇರ ಕೇಳುವುದು. ನೀರಿಗೆ ಹೋದವರು ಚಹಾ ಕುಡಿದು, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಬರುತ್ತಾರೆ. ಆ ತಡವನ್ನು ಗಂಡಸರು ಲೆಕ್ಕದಲ್ಲಿ ಹಿಡಿದಿರಲಿ.

• ಕಮಲಾಪುರ ಮುಟ್ಟಿದ ಕೂಡಲೇ ರಸ್ತೆ ಬದಿಯ ಬಂಡಿಯಲ್ಲಿ ಹಣ್ಣು ಕೊಂಡು, ತಿಂದು, ತಿರುಗಬೇಡಿ. ತೋಟಕ್ಕೆ ಹೋಗಿ. ಆದರೆ ಹೇಳದೆ ಕೇಳದೆ ಬೇಲಿ ದಾಟಬೇಡಿ. ಇದು ಟಿಕೆಟ್ ಇಟ್ಟ ಉದ್ಯಾನ ಅಲ್ಲ, ಅವರ ಅನ್ನದ ಜಾಗ. ನಡುಮಧ್ಯಾಹ್ನ ಹೋದರೆ ಅವರು ಉಂಡು ಮಲಗುವ ಹೊತ್ತು. ನಾಲ್ಕರ ಮೇಲೆ ಹೋಗಿ, ನೀರು ಬಿಡಲು ಯಾರಾದರೂ ತೋಟದಲ್ಲಿ ಇರುತ್ತಾರೆ.

• ತೋಟದೊಳಗೆ ಏನು ನೋಡಬೇಕೆಂದು ಗೊತ್ತಿಲ್ಲದಿದ್ದರೆ ಎಲ್ಲ ಬಾಳೆಯೂ ಒಂದೇ. ಮೊದಲು ಕಾಂಡ ನೋಡಿ: ಹಸಿರಿನ ಮೇಲೆ ಕೆಂಪು ಬಳಿದ ಹಾಗೆ ಅಲ್ಲ, ಒಳಗಿನಿಂದಲೇ ಕೆಂಪು ಹೊಮ್ಮಿರುತ್ತದೆ. ಆ ಕೆಂಪು ಎಲೆಯ ತೊಟ್ಟಿಗೆ ಏರಿ, ನಡುದಿಂಡಿನ ಹಿಂಬದಿಯಲ್ಲಿ ತುದಿಯ ಕಡೆಗೆ ತೆಳುವಾಗುತ್ತ ಹೋಗುತ್ತದೆ. ಎಲೆಯನ್ನು ಬೆಳಕಿಗೆ ಎದುರು ಹಿಡಿದು ನೋಡಿದರೆ ಗೊತ್ತಾಗುತ್ತದೆ. ಗಿಡ ಎತ್ತರ, ಗೊನೆಯ ಭಾರಕ್ಕೆ ವಾಲುತ್ತದೆ. ಅದಕ್ಕೇ ಬಿದಿರಿನ ಊರುಗೋಲು ಕೊಟ್ಟಿರುತ್ತಾರೆ. ಎಳೆಯ ಕಾಯಿಯೂ ಕಡುಗೆಂಪು, ಕುಂಕುಮಕ್ಕೆ ಕಪ್ಪು ಬೆರೆಸಿದ ಬಣ್ಣ. ನಡುವೆ ಎಲ್ಲೋ ಒಂದು ಗಿಡ ಪೂರಾ ಹಸಿರು ಗೊನೆ ಬಿಟ್ಟಿದ್ದರೆ ‘ಬ್ಯಾರೆ ಜಾತಿ ಯಾಕ ಹಚ್ಚೀರಿ’ ಎಂದು ಕೇಳಿ ನಗೆಪಾಟಲಾಗಬೇಡಿ. ಕೆಂಪು ಬಾಳೆಯ ಕಂದು ಕೆಲವೊಮ್ಮೆ ತಾನಾಗಿಯೇ ಹಸಿರಿಗೆ ಮರಳುತ್ತದೆ, ಅದು ಆ ತಳಿಯ ಗುಣ. ಅಂಥ ಗಿಡದ ಕಂದನ್ನು ಮುಂದಿನ ನಾಟಿಗೆ ಇಟ್ಟುಕೊಳ್ಳುವುದಿಲ್ಲ, ಅಷ್ಟೇ.

• ಒಂದು ಗೊನೆಗೆ ಎಷ್ಟು ದಿನ ಎಂದು ತೋಟದವರನ್ನೇ ಕೇಳಿ. ಬೇರೆ ಬಾಳೆ ವರ್ಷದ ಹೊತ್ತಿಗೆ ಕೈಗೆ ಬಂದರೆ, ಇದು ಸುಮಾರು 18 ತಿಂಗಳು ಹಿಡಿಯುತ್ತದೆ. ಅಂದರೆ ಒಂದೂವರೆ ವರ್ಷ ನೀರು, ತಿಪ್ಪೆಗೊಬ್ಬರ, ಕೂಲಿ; ಅದರ ನಡುವೆ ಎರಡು ಬೇಸಿಗೆ ದಾಟುವ ಸಂಭವ, ಬಿರುಗಾಳಿಗೆ ಗಿಡ ಉರುಳುವ ಭಯ, ಪನಾಮಾ ಸೊರಗು ರೋಗದ ಅಂಜಿಕೆ. ಪಕ್ಕದ ಹೊಲದವನು ಅಷ್ಟರಲ್ಲಿ ಎರಡು ಮೂರು ಬೆಳೆ ತೆಗೆದಿರುತ್ತಾನೆ. ಈ ಬಾಳೆಯನ್ನು ಕೈಬಿಟ್ಟವರನ್ನು ನಾನು ದೂರುವುದಿಲ್ಲ. ಇನ್ನೂ ಬಿಡದವರ ಹತ್ತಿರ ಚೌಕಾಶಿ ಮಾಡುವವರನ್ನು ಕಂಡರೆ ಮಾತ್ರ ಸಿಟ್ಟು ಬರುತ್ತದೆ. ಇದನ್ನು ಸಾಹುಕಾರರ ಹಣ್ಣು ಎಂದು ಹಿಂದಿನಿಂದಲೂ ಕರೆದದ್ದು ಸುಮ್ಮನಲ್ಲ. ನಾಲ್ಕು ಹಣ್ಣಿಗೆ ಸಾಲುವಷ್ಟೇ ದುಡ್ಡಿದ್ದರೆ ನಾಲ್ಕೇ ಕೊಳ್ಳಿ, ಹೇಳಿದ ಬೆಲೆಗೆ ಕೊಳ್ಳಿ.

• ತೋಟಕ್ಕೆ ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಬಾಳೆಯ ಸೊನೆ ಬಿದ್ದಾಗ ನೀರಿನಂತೆ ಕಾಣುತ್ತದೆ, ಒಣಗಿದ ಮೇಲೆ ಕಂದು ಕಲೆ. ಯಾವ ಸಾಬೂನಿಗೂ ಹೋಗುವುದಿಲ್ಲ. ಕಾಲಿಗೆ ಚಪ್ಪಲಿ ಬೇಡ, ಬೂಟು ಇರಲಿ; ಒಣ ಎಲೆಯ ರಾಶಿ ತಂಪಾಗಿರುತ್ತದೆ, ಹಾವಿಗೂ ಅದು ಗೊತ್ತು.

• ರಸ್ತೆ ಬದಿ ಕೊಳ್ಳುವುದೇ ಆದರೆ ‘ಎಲ್ಲಿಂದು’ ಎಂದು ಕೇಳಿ. ಕೆಂಪು ಬಾಳೆ ಕೇರಳದಲ್ಲಿ, ತಮಿಳುನಾಡಿನಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಅದೂ ಒಳ್ಳೆಯ ಹಣ್ಣೇ. ಆದರೆ ಇಷ್ಟು ದೂರ ತುಳಿದು ಬಂದು ಲಾರಿಯಲ್ಲಿ ಬಂದ ಹಣ್ಣು ತಿನ್ನುವುದೇಕೆ? ಗೊನೆಯ ದಿಂಡು ಎಲ್ಲಿದೆ, ಕಡಿದ ಬಾಯಿ ಹಸಿಯಾಗಿದೆಯೋ ಒಣಗಿ ಕಪ್ಪಾಗಿದೆಯೋ ನೋಡಿ. ಇಡೀ ಗೊನೆಯಲ್ಲಿ ಒಂದೊಂದು ಹಣಿಗೆ ಒಂದೊಂದು ಹದದಲ್ಲಿದ್ದರೆ ತಾನಾಗಿ ಹಣ್ಣಾದದ್ದು. ಎಲ್ಲವೂ ಒಂದೇ ಬಣ್ಣದಲ್ಲಿ ಹೊಳೆಯುತ್ತಿದ್ದು, ಒಳಗೆ ಗಟ್ಟಿಯಿದ್ದರೆ ಅನುಮಾನ ಪಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿಗೆ ವಿರುದ್ಧ.

• ತಿನ್ನಲು ಅವಸರ ಮಾಡಿದರೆ ಈ ಹಣ್ಣು ಬಾಯಿ ಒಗರು ಮಾಡಿ ಕಳಿಸುತ್ತದೆ. ಸಿಪ್ಪೆ ಕೆಂಪಾಗಿದ್ದ ಮಾತ್ರಕ್ಕೆ ಹಣ್ಣಾಗಿದೆ ಎಂದಲ್ಲ, ಕಾಯಿಯೂ ಕೆಂಪೇ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮಣಿಯಬೇಕು, ತೊಟ್ಟಿನ ಬುಡ ಮೆತ್ತಗಾಗಿರಬೇಕು. ಒಳಗಿನ ತಿರುಳು ಅಚ್ಚ ಬಿಳಿಯಲ್ಲ, ಕೆನೆಗೆ ಕೇಸರಿ ತಾಗಿದ ಬಣ್ಣ. ಒಂದು ಹಣ್ಣು ಒಂದು ಊಟದಷ್ಟು ತೂಕ ಕೊಡುತ್ತದೆ. ಸಕ್ಕರೆ ಕಾಯಿಲೆಯವರು ಅರ್ಧ ತಿಂದು, ಉಳಿದರ್ಧ ಜೊತೆಗಾರರಿಗೆ ಕೊಡಿ. ಜೊತೆಗಾರರು ಬೇಡ ಎನ್ನುವುದಿಲ್ಲ.

• ರಾತ್ರಿಯ ಊಟಕ್ಕೆ ಖಾನಾವಳಿ ಸಾಕು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆಯ ಗಟ್ಟಿ ಪಪ್ಪು, ಹಸಿ ಉಳ್ಳಾಗಡ್ಡಿ. ನಮ್ಮ ತೊಗರಿಗೂ 2019ರಲ್ಲಿ ಜಿಐ ಬಂತು. ಒಂದೇ ತಟ್ಟೆಗೆ ಎರಡು ಜಿಐ ಕೂಡುವ ಊರು ನಾಡಿನಲ್ಲಿ ಹೆಚ್ಚು ಇರಲಿಕ್ಕಿಲ್ಲ.

• ಮಲಗಲು ದೊಡ್ಡ ಹೋಟೆಲಿನ ನಿರೀಕ್ಷೆ ಬೇಡ. ಕಮಲಾಪುರ ಹೊಸ ತಾಲ್ಲೂಕು ಕೇಂದ್ರ, ಪ್ರವಾಸಿ ಊರಲ್ಲ. ಪರಿಚಯದವರ ಪರಿಚಯ ಹಿಡಿದು ಮೊದಲೇ ಫೋನ್ ಮಾಡಿಟ್ಟುಕೊಳ್ಳಿ. ಹೊದೆಯಲು ತೆಳು ಚಾದರ, ಸೊಳ್ಳೆಗೆ ಎಣ್ಣೆ, ಸೈಕಲ್ಲಿಗೆ ಬೀಗ. ಅಷ್ಟೂ ಬೇಡವೆನ್ನುವವರು ಸಂಜೆಯೇ ಬಸ್ ಹಿಡಿದು ಕಲಬುರಗಿಗೆ ಬಂದುಬಿಡಿ. ಸೈಕಲನ್ನು ಮೇಲೆ ಹಾಕುವುದು ಕಂಡಕ್ಟರರ ಮರ್ಜಿ, ನಯವಾಗಿ ಕೇಳಬೇಕು.

• ರೈಲೂ ಇದೆ. ಬೀದರ–ಕಲಬುರಗಿ ಮಾರ್ಗಕ್ಕೆ ಜನ ದಶಕಗಟ್ಟಲೆ ಕಾದು, ಕೊನೆಗೆ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು, ಕಮಲಾಪುರದಲ್ಲಿ ನಿಲ್ದಾಣವಿದೆ. ದಿನಕ್ಕೆ ಗಾಡಿಗಳು ಕಡಿಮೆ, ವೇಳೆ ಮೊದಲೇ ವಿಚಾರಿಸಿ. ಸೈಕಲ್ ಒಯ್ಯಲು ಬಿಡುತ್ತಾರೋ ಇಲ್ಲವೋ ಎಂಬುದನ್ನೂ ನಿಲ್ದಾಣದಲ್ಲೇ ಕೇಳಿ, ಗಾಡಿ ಬಂದ ಮೇಲೆ ಗಾರ್ಡಿನ ಜೊತೆ ವಾದಕ್ಕೆ ಇಳಿಯಬೇಡಿ. ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗವಿದೆ. ಅದನ್ನು ನೋಡುವ ಆಸೆಯಿದ್ದರೆ ಸೈಕಲ್ ಕಮಲಾಪುರದಲ್ಲಿ ಬಿಟ್ಟು ಹುಮನಾಬಾದಿನವರೆಗೆ ರೈಲಲ್ಲಿ ಹೋಗಿ ಬನ್ನಿ. ಆ ಕಡೆ ನೆಲ ಏರುತ್ತಲೇ ಹೋಗುತ್ತದೆ. ಮೊದಲ ಸಲದವರು ಅಲ್ಲಿ ತುಳಿಯುವ ಹಟ ಬಿಡಿ.

• ಐವತ್ತು ದಾಟಿದವರು ಸೀಟಿನ ಎತ್ತರ ಸರಿ ಮಾಡಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಾತ್ರ ಬಾಗಿರಬೇಕು. ತಗ್ಗಿನ ಸೀಟಿನಲ್ಲಿ ಕೂತು ತುಳಿದವರು ಮರುದಿನ ಮೆಟ್ಟಿಲು ಹತ್ತುವಾಗ ನನ್ನನ್ನು ನೆನೆಯುತ್ತಾರೆ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಪುಡಿ ಇರಲಿ.

• ಕೊನೆಯದಾಗಿ ಹಣ್ಣು ಹೊರುವ ರೀತಿ. ಮನೆಗೆ ಒಯ್ಯಲು ಪೂರ್ತಿ ಹಣ್ಣಾದದ್ದು ಬೇಡ, ಬಲಿತ ಕಾಯಿಯ ಹಣಿಗೆ ಕೊಳ್ಳಿ. ಕ್ಯಾರಿಯರಿಗೆ ಬಿಗಿದು ಕಟ್ಟಿದರೆ ರಸ್ತೆಯ ಕುಲುಕಿಗೆ ಒಂದು ಬದಿ ಜಜ್ಜಿಹೋಗುತ್ತದೆ. ಬಟ್ಟೆ ಚೀಲದಲ್ಲಿ ಹ್ಯಾಂಡಲಿಗೆ ತೂಗುಹಾಕಬೇಡಿ, ಬ್ರೇಕಿಗೆ ಸಿಕ್ಕುತ್ತದೆ; ಒಣ ಬಾಳೆ ಎಲೆ ಸುತ್ತಿ, ಬೆನ್ನಿನ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಮನೆಯಲ್ಲಿ ಗಾಳಿಯಾಡುವ ಕಡೆ ಹಗ್ಗ ಕಟ್ಟಿ ನೇತುಹಾಕಿ, ಫ್ರಿಜ್ಜಿನಲ್ಲಿ ಬೇಡ. ಒಂದೇ ದಿನ ಎಲ್ಲ ಹಣ್ಣಾಗುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಒತ್ತಿ ನೋಡುತ್ತ, ಮಣಿದದ್ದನ್ನು ಮಾತ್ರ ಕಿತ್ತು, ಪಕ್ಕದ ಮನೆಗೂ ಎರಡು ಕಳಿಸಿ.